ಈ ವರ್ಷ ಯಾರ್ಯಾರು ಉಳಿದಿದ್ದಾರೆ?

ಅಕ್ಟೋಬರ್ ಬಂತು ಅಂದರೆ ಅಪ್ಪ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಈ ವರ್ಷ ಯಾರ್ಯಾರು ಉಳಿದಿದ್ದಾರೋ?"

ಕೇಳುವುದು ಪರ್ಡ್ಯೂ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಟೀಮಿನ ಬಗ್ಗೆ. ಅಪ್ಪನಿಗೆ 71 ವರ್ಷ. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅಮೆರಿಕಕ್ಕೆ ಹೋದವರಲ್ಲ. ಪರ್ಡ್ಯೂ ಇರುವ ಇಂಡಿಯಾನಾ ರಾಜ್ಯ ಮ್ಯಾಪಿನಲ್ಲಿ ಎಲ್ಲಿದೆ ಅಂತ ತೋರಿಸಿ ಅಂದರೆ ಸ್ವಲ್ಪ ಹುಡುಕುತ್ತಾರೆ. ಆದರೆ ಈ ಟೀಮಿನ ಹುಡುಗರು ಮಾತ್ರ ಅವರಿಗೆ ಬೀದಿಯ ಹುಡುಗರಿದ್ದ ಹಾಗೆ. ಹೆಸರು ಬಾಯಿಗೆ ಬರುವುದಿಲ್ಲ, ಗುರುತು ಮಾತ್ರ ಚೆನ್ನಾಗಿದೆ. "ಆ ಕುಳ್ಳ ಇದ್ದಾನಾ? ಓಡ್ತಾನೇ ಇರ್ತಾನಲ್ಲ, ಅವನು? ಆ ಮೆತ್ತಗೆ ಹಾಕೋನು?"

ಮೂವರೂ ಇದ್ದಾರೆ ಅಪ್ಪ, ಅಂದೆ. ಈ ಉತ್ತರವನ್ನು ಹೇಳುವಾಗ ಎಷ್ಟು ಖುಷಿಯಾಯಿತು ಅಂದರೆ, ಅದಕ್ಕೇ 2025ರ ಈ ನವೆಂಬರ್‌ನಲ್ಲಿ ಈ ಬರಹ ಬರೆಯಲು ಕೂತಿದ್ದೇನೆ.

ನಾನು ಎಂ.ಎಸ್. ಮಾಡಿದ್ದು ಪರ್ಡ್ಯೂನಲ್ಲಿ. 2015ರ ಆಗಸ್ಟ್‌ನಲ್ಲಿ ಹೋದೆ. ವೆಸ್ಟ್ ಲಫಾಯೆಟ್ ಅನ್ನುವ ಸಣ್ಣ ಊರು. ಸುತ್ತ ಜೋಳದ ಹೊಲ. ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕು ಜನ, ಇಬ್ಬರು ಮೈಸೂರಿನವರು, ಒಬ್ಬ ಹಾಸನ, ಒಬ್ಬ ಹುಬ್ಬಳ್ಳಿ. ಮೊದಲ ಚಳಿಗಾಲದಲ್ಲಿ ಯಾರೋ ಹೇಳಿದರು, ಮ್ಯಾಕಿ ಅರೀನಾಗೆ ಒಂದು ಸಲ ಹೋಗಿ ಬನ್ನಿ, ಒಳಗಡೆ ಬೆಚ್ಚಗಿರುತ್ತೆ ಅಂತ. ನಾವು ಹೋಗಿದ್ದು ನಿಜಕ್ಕೂ ಅದಕ್ಕೇ.

ಮ್ಯಾಕಿಯನ್ನು ಹೊರಗಿನಿಂದ ನೋಡಿದರೆ ಕವುಚಿ ಹಾಕಿದ ದೊಡ್ಡ ಬಾಂಡ್ಲಿ ಇದ್ದ ಹಾಗಿದೆ. 1967ರಲ್ಲಿ ಕಟ್ಟಿದ್ದು. ಒಳಗೆ 14 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಆಡುವ ನೆಲ ಹೊರಗಿನ ರಸ್ತೆಗಿಂತ ತಗ್ಗಿನಲ್ಲಿದೆ, ಮೇಲೆ ಅಲ್ಯೂಮಿನಿಯಂ ಸೂರು. ಕೂಗಿದ ಸದ್ದು ಮೇಲೆ ಹೋಗಿ ಬಡಿದು ಮತ್ತೆ ತಲೆಯ ಮೇಲೇ ಬೀಳುತ್ತದೆ. ಮೊದಲ ದಿನ ನನಗೆ ಪಕ್ಕದಲ್ಲಿ ನಿಂತ ಗೆಳೆಯನ ಮಾತೇ ಕೇಳಿಸಲಿಲ್ಲ. ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಹಾಗಾಗುತ್ತದೆ, ಅಲ್ವಾ? ಹಾಗೆ. ವಿದ್ಯಾರ್ಥಿಗಳು ಕೂರುವ ಕಡೆಗೆ ಪೇಂಟ್ ಕ್ರ್ಯೂ ಅಂತ ಹೆಸರು. ಕೂರುವುದು ಅಂದೆ, ಅಲ್ಲಿ ಯಾರೂ ಕೂರುವುದಿಲ್ಲ. ಎರಡು ಗಂಟೆ ನಿಂತೇ ಇರಬೇಕು. ಆ ಚಳಿಗಾಲ ಮುಗಿಯುವಷ್ಟರಲ್ಲಿ ನಾನು ಹಿಮದಲ್ಲಿ ಕ್ಯೂ ನಿಲ್ಲುವವರಲ್ಲಿ ಒಬ್ಬನಾಗಿದ್ದೆ.

ಆಗ ಕೇಲಬ್ ಸ್ವಾನಿಗನ್ ಆಡುತ್ತಿದ್ದ. ಎಲ್ಲರೂ ಕರೆಯುತ್ತಿದ್ದುದು ಬಿಗಿ ಅಂತ. ಬಡತನದಲ್ಲಿ ಬೆಳೆದವನು, ಇರಲು ಮನೆಯಿಲ್ಲದೆ ಅಲೆದವನು, ಫೋರ್ಟ್ ವೇನ್ ಊರಿನವರೊಬ್ಬರು ದತ್ತು ತೆಗೆದುಕೊಂಡು ಸಾಕಿದ್ದರು. 2016ರಲ್ಲಿ ದುಡ್ಡಿಗೆ ಆಡುವವರ ಲೀಗ್ ಎನ್‌ಬಿಎಗೆ ಹೋಗಿಬಿಡುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಹೋಗಲಿಲ್ಲ, ಇನ್ನೊಂದು ವರ್ಷ ಇರುತ್ತೇನೆ ಅಂದ. ಆ ಒಂದು ವರ್ಷದಲ್ಲಿ ನಮ್ಮನ್ನು ನಮ್ಮ ಲೀಗಿನ, ಅಂದರೆ ಬಿಗ್ ಟೆನ್‌ನ, ಚಾಂಪಿಯನ್ ಮಾಡಿದ. ರಿಂಗಿಗೆ ಬಡಿದು ವಾಪಸ್ ಬಂದ ಚೆಂಡು ಅವನ ಕೈಗೆ ಸಿಕ್ಕಿತು ಅಂದರೆ ಮುಗಿಯಿತು, ಇನ್ನು ಯಾರೂ ಕಿತ್ತುಕೊಳ್ಳಲಾರರು. 2022ರ ಜೂನ್‌ನಲ್ಲಿ ಅವನು ತೀರಿಕೊಂಡ. 25 ವರ್ಷ. ಆ ಸುದ್ದಿ ಓದಿದಾಗ ನಾನು ಮೈಸೂರಿನಲ್ಲಿದ್ದೆ. ಅವತ್ತು ಕೆಲಸ ಮಾಡಲಾಗಲಿಲ್ಲ.

ಈಗಿನ ಟೀಮಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಕಾಲೇಜುಗಳ ಮಟ್ಟಕ್ಕೆ ಡಿವಿಷನ್ ಒಂದು ಅನ್ನುತ್ತಾರೆ. ಅದರಲ್ಲಿ 360ಕ್ಕೂ ಹೆಚ್ಚು ಟೀಮುಗಳಿವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಆಡಿ, ಕೊನೆಗೆ 68 ಟೀಮುಗಳ ನಾಕೌಟ್. ಒಂದು ಸಲ ಸೋತರೆ ಮನೆಗೆ. ಕೊನೆಯ ನಾಲ್ಕು ಟೀಮು ಸೇರುವುದಕ್ಕೆ ಫೈನಲ್ ಫೋರ್ ಅನ್ನುತ್ತಾರೆ. ಪರ್ಡ್ಯೂ ತನ್ನ ಬಿಗ್ ಟೆನ್ ಲೀಗನ್ನು 26 ಸಲ ಗೆದ್ದಿದೆ. ಇನ್ಯಾವ ಕಾಲೇಜೂ ಅಷ್ಟು ಸಲ ಗೆದ್ದಿಲ್ಲ. ಆದರೆ ಗಂಡುಮಕ್ಕಳ ಟೀಮು ಆ ಮಾರ್ಚ್ ತಿಂಗಳ ನಾಕೌಟನ್ನು ಒಂದು ಸಲವೂ ಗೆದ್ದಿಲ್ಲ. ಹೆಣ್ಣುಮಕ್ಕಳು 1999ರಲ್ಲೇ ಗೆದ್ದು ತಂದರು. ಗಂಡುಮಕ್ಕಳು 1969ರಲ್ಲಿ ಫೈನಲ್‌ವರೆಗೆ ಹೋಗಿ ಸೋತರು. ಸೋತಿದ್ದು ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಕೈಯಲ್ಲಿ, ಆ ಟೀಮಿನ ಕೋಚ್ ಜಾನ್ ವುಡನ್. ಅವರು ಓದಿದ್ದು, ಆಡಿದ್ದು ಪರ್ಡ್ಯೂನಲ್ಲೇ! ನಮ್ಮ ಮನೆಯ ಮಗನೇ ಬಂದು ನಮ್ಮನ್ನು ಸೋಲಿಸಿದ ಹಾಗೆ.

ಈ ವರ್ಷ, 2025ರ ಅಕ್ಟೋಬರ್ 13ಕ್ಕೆ, ಎಪಿ ಸುದ್ದಿಸಂಸ್ಥೆಯ ಪಟ್ಟಿ ಬಂತು. ಸೀಸನ್ ಶುರುವಾಗುವ ಮುಂಚೆ ಯಾವ ಟೀಮು ಎಷ್ಟನೆಯದು ಅಂತ ಕ್ರೀಡಾ ಪತ್ರಕರ್ತರು ಓಟು ಹಾಕಿ ಮಾಡುವ ಪಟ್ಟಿ. ಮೊದಲ ಹೆಸರು ಪರ್ಡ್ಯೂ. ಸೀಸನ್ ಶುರುವಿನ ಪಟ್ಟಿಯಲ್ಲಿ ನಾವು ಮೊದಲ ಜಾಗದಲ್ಲಿ ಇರುವುದು ಇದೇ ಮೊದಲು. ಎರಡನೆಯದು ಹೂಸ್ಟನ್, ಮೂರನೆಯದು ಕಳೆದ ವರ್ಷ ಕಪ್ ಗೆದ್ದ ಫ್ಲೋರಿಡಾ. ಜೊತೆಗೆ ಇನ್ನೊಂದು ವಿಷಯ. ಈ ಸಲದ ಫೈನಲ್ ಫೋರ್ ನಡೆಯುವುದು ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ. ಪರ್ಡ್ಯೂದಿಂದ ಹೆಚ್ಚುಕಡಿಮೆ 100 ಕಿಲೋಮೀಟರ್. ಮೈಸೂರಿನಿಂದ ರಾಮನಗರಕ್ಕೆ ಹೋದಷ್ಟು ದೂರ.

ಮೊದಲ ನಂಬರು ಕೊಟ್ಟಿದ್ದು ಯಾಕೆ? ಉಳಿದುಕೊಂಡಿದ್ದಕ್ಕೆ. ನನಗೆ ಬೇರೆ ಕಾರಣ ಕಾಣುವುದಿಲ್ಲ.

ಈಗ ಅಲ್ಲಿ ಕಾಲೇಜು ಆಟಗಾರರಿಗೆ ದುಡ್ಡು ಬರುತ್ತದೆ. 2021ರ ಜುಲೈನಿಂದ ತಮ್ಮ ಹೆಸರು, ಫೋಟೋ ಬಳಸಿಕೊಂಡು ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, 2025-26ರಲ್ಲಿ ಎಲ್ಲಾ ಆಟಗಳೂ ಸೇರಿ ಒಂದು ಕಾಲೇಜು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಜೊತೆಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಇದೆ. ಸೀಸನ್ ಮುಗಿದ ಕೂಡಲೇ ಹುಡುಗರು ಅದರಲ್ಲಿ ಹೆಸರು ಹಾಕಿ ಬೇರೆ ಕಾಲೇಜಿಗೆ ಹೋಗಬಹುದು, ಮುಂದಿನ ವರ್ಷವೇ ಆಡಬಹುದು. 2025ರಲ್ಲಿ ಹೆಸರು ಹಾಕಿದ ಗಂಡುಹುಡುಗರೇ ಎರಡು ಸಾವಿರಕ್ಕೂ ಜಾಸ್ತಿ. ಎಷ್ಟೋ ಟೀಮುಗಳಲ್ಲಿ ನವೆಂಬರ್‌ಗೆ ಬಂದು ನೋಡಿದರೆ ಒಂದು ಮುಖವೂ ಗುರುತು ಸಿಗುವುದಿಲ್ಲ. ಕೋಚ್‌ಗಳೇ ಹುಡುಗರ ಹೆಸರು ಹೊಸದಾಗಿ ಕಲಿಯಬೇಕು.

ಹೋದವರನ್ನು ನಾನು ಬೈಯಲಾರೆ. ದುಡ್ಡು ಬರುವ ಕಡೆ, ಆಡಲು ಜಾಗ ಸಿಗುವ ಕಡೆ ಹೋಗುತ್ತಾರೆ. ನಾನೂ ಮನೆ ಬಿಟ್ಟು ಹೋದವನೇ. ಆದರೆ ಉಳಿದವರನ್ನು ನೋಡಿದರೆ ಮನಸ್ಸು ಕರಗುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಏನಾಗಬೇಕು?

ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್, ಟ್ರೇ ಕಾಫ್‌ಮನ್-ರೆನ್. ಮೂವರೂ ಇಂಡಿಯಾನಾದವರೇ. ಸ್ಮಿತ್ ವೆಸ್ಟ್‌ಫೀಲ್ಡ್‌ನವನು, ಲಾಯರ್ ಫೋರ್ಟ್ ವೇನ್ ಕಡೆಯವನು, ಕಾಫ್‌ಮನ್-ರೆನ್ ರಾಜ್ಯದ ದಕ್ಷಿಣ ತುದಿಯವನು. ಮೊದಲಿಬ್ಬರು 2022ರಲ್ಲಿ ಬಂದರು. ಕಾಫ್‌ಮನ್-ರೆನ್ ಒಂದು ವರ್ಷ ಮುಂಚೆಯೇ ಬಂದಿದ್ದ, ಆದರೆ ಮೊದಲ ವರ್ಷ ಆಡಲಿಲ್ಲ. ರೆಡ್‌ಶರ್ಟ್ ಅನ್ನುತ್ತಾರೆ. ದಿನಾ ಪ್ರಾಕ್ಟೀಸ್ ಮಾಡಬೇಕು, ಆಟದ ದಿನ ಬೆಂಚಿನಲ್ಲಿ ಕೂರಬೇಕು. ಆಡುವ ನಾಲ್ಕು ವರ್ಷದ ಲೆಕ್ಕ ಮುಂದಿನ ವರ್ಷದಿಂದ ಶುರು. ಕೋಚ್ ಮ್ಯಾಟ್ ಪೇಂಟರ್ ಈಗಲೂ ಹುಡುಗರನ್ನು ಹೀಗೆ ಕೂರಿಸುತ್ತಾರೆ. ಪೋರ್ಟಲ್ ತೆರೆದಿರುವ ಕಾಲದಲ್ಲಿ ಹದಿನೆಂಟು ವರ್ಷದ ಹುಡುಗನಿಗೆ "ಈ ವರ್ಷ ಕೂತಿರು" ಅಂತ ಹೇಳಿ, ಅವನು ಹೂಂ ಅಂದು ಕೂತಿರುವುದು ಸಣ್ಣ ಮಾತಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ವಿಟಿಯು ಟೂರ್ನಿಗಳಿಗೆ ಟೀಮಿನ ಜೊತೆ ಹೋಗುತ್ತಿದ್ದೆ. ಎರಡು ವರ್ಷದಲ್ಲಿ ಅಂಗಳಕ್ಕೆ ಇಳಿದಿದ್ದು ಬೆರಳೆಣಿಕೆಯಷ್ಟು ಸಲ. ವಾಟರ್ ಬಾಟಲ್ ಕೊಡುತ್ತಾ, ಹಾಕಿಕೊಂಡ ಶೂಗೆ ಧೂಳೂ ಅಂಟದೆ ಮನೆಗೆ ಬರುವುದು ಹೇಗಿರುತ್ತದೆ ಅಂತ ಗೊತ್ತು.

ಈ ಮೂವರ ಜೊತೆ ನನಗೆ ನಂಟು ಬೆಳೆದದ್ದು ಒಂದು ಸೋಲಿನಿಂದ.

2023ರ ಮಾರ್ಚ್ 17. ನಮಗೆ ಅದು 18ರ ಬೆಳಗಿನ ಜಾವ. ಅಷ್ಟು ಹೊತ್ತಿಗೆ ನಾನು ವಾಪಸ್ ಬಂದು ಎರಡು ವರ್ಷ ಆಗುತ್ತಾ ಬಂದಿತ್ತು. ಮೈಸೂರಿನ ಮನೆಯಲ್ಲಿ ಅಪ್ಪ ಒಬ್ಬರೇ ಆಗಿದ್ದರು. ಅವತ್ತು ಪರ್ಡ್ಯೂ ಆಡಿದ್ದು ಫೇರ್ಲಿ ಡಿಕಿನ್ಸನ್ ಅನ್ನುವ ಸಣ್ಣ ಕಾಲೇಜಿನ ಮೇಲೆ. ಟೀಮುಗಳಿಗೆ ಬಲದ ಲೆಕ್ಕದಲ್ಲಿ 1ರಿಂದ 16ರವರೆಗೆ ಸೀಡ್ ಅಂತ ನಂಬರು ಕೊಡುತ್ತಾರೆ. ನಾವು ಒಂದನೇ ಸೀಡ್, ಅವರು 16ನೇ ಸೀಡ್. ನಮ್ಮಲ್ಲಿ ಝ್ಯಾಕ್ ಈಡೀ ಇದ್ದ, 7 ಅಡಿ 4 ಇಂಚು, ಆ ವರ್ಷದ ದೇಶದ ಅತ್ಯುತ್ತಮ ಆಟಗಾರ. ಅವರದು ಇಡೀ ಡಿವಿಷನ್ ಒಂದರಲ್ಲೇ ಅತಿ ಕುಳ್ಳ ಟೀಮು. ಈಡೀಯ ಹಿಂದೆ ಒಬ್ಬ, ಮುಂದೆ ಒಬ್ಬ ನಿಂತರು. ಚೆಂಡು ಅವನ ಹತ್ತಿರ ಹೋಗಲು ಬಿಡಲಿಲ್ಲ. ಹೊರಗೆ ಖಾಲಿ ಬಿಟ್ಟ ನಮ್ಮ ಹುಡುಗರು ದೂರದಿಂದ ಮೂರು ಪಾಯಿಂಟಿನ ಶಾಟ್ 26 ಸಲ ಎಸೆದರು, ಬಿದ್ದಿದ್ದು 5. ಸ್ಮಿತ್, ಲಾಯರ್ ಇಬ್ಬರೂ ಆಗ ಮೊದಲ ವರ್ಷದ ಹುಡುಗರು. ಎದುರಾಳಿ ಮೈಮೇಲೆ ಬಿದ್ದಾಗ ಸ್ಮಿತ್ ಕೈಯಿಂದ ಚೆಂಡು ಜಾರುತ್ತಿತ್ತು. 63-58. ಸೋತೆವು. ಒಂದನೇ ಸೀಡ್ 16ನೇ ಸೀಡ್‌ಗೆ ಸೋತಿದ್ದು ಗಂಡುಮಕ್ಕಳ ಟೂರ್ನಿಯಲ್ಲಿ ಅದು ಎರಡನೇ ಸಲ.

ಲ್ಯಾಪ್‌ಟಾಪ್ ಮುಚ್ಚಿ ಕತ್ತಲಲ್ಲಿ ಹಾಲ್‌ನಲ್ಲಿ ಕೂತಿದ್ದೆ. ಅಪ್ಪ ಎದ್ದು ಬಂದು ಲೈಟ್ ಹಾಕಿದರು. ನನ್ನ ಮುಖ ನೋಡಿ ಗಾಬರಿಯಾದರು. "ಏನಾಯ್ತೋ? ಯಾರದಾದ್ರೂ ಫೋನ್ ಬಂತಾ?"

"ಇಲ್ಲಪ್ಪ. ನಮ್ಮ ಕಾಲೇಜು ಸೋತುಹೋಯ್ತು."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಪಕ್ಕದಲ್ಲಿ ಕೂತರು. ತೋರಿಸು ಅಂದರು. ಕೊನೆಯ ಐದು ನಿಮಿಷ ತೋರಿಸಿದೆ. ಆಟ ಮುಗಿದ ಮೇಲೆ ಸ್ಮಿತ್ ಮುಖವನ್ನು ಕ್ಯಾಮೆರಾದವರು ತೋರಿಸುವಾಗ ಅಪ್ಪ ಅಂದರು, "ಪಾಪ, ಇನ್ನೂ ಮಗು ಅದು." ಆಮೇಲೆ ಕಾಫಿಗೆ ನೀರಿಡಲು ಎದ್ದು ಹೋದರು. ಹೋಗುತ್ತಾ ಕೇಳಿದರು, "ಮುಂದಿನ ವರ್ಷ ಇರ್ತಾನಾ ಇವನು?"

ಆ ಪ್ರಶ್ನೆ ಶುರುವಾಗಿದ್ದು ಅವತ್ತು.

ಇದ್ದ. ಎಲ್ಲರೂ ಇದ್ದರು. ಅಂಥ ಸೋಲಿನ ಮೇಲೆ ಈಡೀ ಹೋಗಬಹುದಿತ್ತು. ಅವನ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಈಡೀ ಕೆನಡಾದವನು, ಟೊರೊಂಟೊದವನು. ಅಮೆರಿಕದಲ್ಲಿ ಇದ್ದಿದ್ದು ಸ್ಟೂಡೆಂಟ್ ವೀಸಾ ಮೇಲೆ, ನಮ್ಮೆಲ್ಲರ ಹಾಗೆ. ಆ ವೀಸಾದಲ್ಲಿ ಹೊರಗೆ ಕೆಲಸ ಮಾಡುವ ಹಾಗಿಲ್ಲ. ನಾವು ಕ್ಯಾಂಪಸ್ಸಿನ ಊಟದ ಹಾಲ್‌ನಲ್ಲಿ ತಟ್ಟೆ ಎತ್ತಿಟ್ಟು ವಾರಕ್ಕೆ 20 ಗಂಟೆ ಲೆಕ್ಕ ಮಾಡುತ್ತಿದ್ದೆವು. ಒಂದು ಗಂಟೆ ಜಾಸ್ತಿಯಾದರೂ ವೀಸಾ ಹೋಗುತ್ತದೆ ಅನ್ನುವ ಭಯ. ಈಡೀಗೂ ಅದೇ ಕಾನೂನು. ದೇಶದ ನಂಬರ್ ಒನ್ ಆಟಗಾರ, ಟಿ.ವಿ.ಯಲ್ಲೆಲ್ಲಾ ಅವನೇ, ಆದರೆ ಪಕ್ಕದ ಹುಡುಗರು ಜಾಹೀರಾತು ಮಾಡಿ ಗಳಿಸಿದ ಹಾಗೆ ಅವನು ಅಮೆರಿಕದ ನೆಲದಲ್ಲಿ ಗಳಿಸುವಂತಿರಲಿಲ್ಲ. ಆದರೂ ಉಳಿದ. 2024ರಲ್ಲಿ ಮತ್ತೆ ದೇಶದ ಅತ್ಯುತ್ತಮ ಆಟಗಾರನಾದ. ಟೆನಿಸಿ ಯೂನಿವರ್ಸಿಟಿಯ ಮೇಲೆ 40 ಪಾಯಿಂಟ್ ಹೊಡೆದು 1980ರ ನಂತರ ಮೊದಲ ಸಲ ನಮ್ಮನ್ನು ಫೈನಲ್ ಫೋರ್‌ಗೆ ಒಯ್ದ. ಫೈನಲ್‌ನಲ್ಲಿ ಯುಕಾನ್, ಅಂದರೆ ಕನೆಕ್ಟಿಕಟ್ ಯೂನಿವರ್ಸಿಟಿ, ಗೆದ್ದಿತು, 75-60. ಆ 60ರಲ್ಲಿ ಈಡೀಯದೇ 37.

ಆ ಫೈನಲ್ ಅನ್ನು ನಾನೂ ಅಪ್ಪನೂ ಒಟ್ಟಿಗೆ ನೋಡಿದೆವು. ಯುಕಾನ್ ಮಾಡಿದ್ದು ಫೇರ್ಲಿ ಡಿಕಿನ್ಸನ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಈಡೀ ಎಷ್ಟು ಬೇಕೋ ಅಷ್ಟು ಹೊಡೆಯಲಿ ಅಂತ ಬಿಟ್ಟರು, ಉಳಿದ ನಾಲ್ವರನ್ನು ಕಟ್ಟಿಹಾಕಿದರು. ಎಲ್ಲವೂ ಒಬ್ಬನ ಮೂಲಕ ನಡೆಯುವ ಟೀಮಿಗೆ ಎಲ್ಲಿ ಗಂಟು ಬೀಳುತ್ತದೆ ಅಂತ ಎರಡು ವರ್ಷದಲ್ಲಿ ಎರಡು ಟೀಮು ತೋರಿಸಿಕೊಟ್ಟವು.

ಈಡೀ ಹೋದ ಮೇಲೆ ಚೆಂಡು ಸ್ಮಿತ್ ಕೈಗೆ ಬಂತು. ಆಮೇಲೆ ಶುರುವಾಗಿದ್ದು ನಾನು ನೋಡಿದ ಅತಿ ಚಂದದ ಆಟ.

ಸ್ಮಿತ್ ಆರಡಿ. ಆ ಆಟದಲ್ಲಿ ಅದು ಕುಳ್ಳೇ. ಚೆಂಡು ಬಡಿಯುತ್ತಾ ನಿಧಾನಕ್ಕೆ ಬರುತ್ತಾನೆ. ಕಾಫ್‌ಮನ್-ರೆನ್ ಬಂದು ಸ್ಮಿತ್‌ನನ್ನು ಕಾಯುತ್ತಿರುವವನ ದಾರಿಗೆ ಕಂಬದ ಹಾಗೆ ನಿಲ್ಲುತ್ತಾನೆ. ಸ್ಮಿತ್ ಆ ಕಂಬಕ್ಕೆ ಭುಜ ಸವರಿಕೊಂಡು ಆ ಕಡೆ ದಾಟುತ್ತಾನೆ. ಕಾಯುತ್ತಿದ್ದವನು ಈಗ ಸ್ಮಿತ್‌ನ ಬೆನ್ನ ಹಿಂದೆ. ಬೇರೆ ಹುಡುಗರಾದರೆ ಇಲ್ಲಿ ಸರ್ರನೆ ಓಡುತ್ತಾರೆ. ಸ್ಮಿತ್ ಓಡುವುದಿಲ್ಲ. ಒಂದು ಕ್ಷಣ ನಿಲ್ಲುತ್ತಾನೆ. ಹಿಂದಿನವನನ್ನು ಬೆನ್ನಿಗೇ ಇಟ್ಟುಕೊಂಡು ಮುಂದಿನ ಉದ್ದದವನ ಕಾಲು ನೋಡುತ್ತಾನೆ. ಆ ಉದ್ದದವನು ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು. ಇಬ್ಬರ ನಡುವಿನ ಸಂದಿನಲ್ಲಿ ಚೆಂಡು ನೆಲಕ್ಕೆ ಒಂದು ಸಲ ಬಡಿದು ಹೋಗಿ ಕಾಫ್‌ಮನ್-ರೆನ್ ಕೈಯಲ್ಲಿರುತ್ತದೆ. ಅವನು ರಿಂಗಿಗೆ ಎಂಟಡಿ ದೂರದಿಂದ ಹೂವು ಎಸೆದ ಹಾಗೆ ಮೆತ್ತಗೆ ಮೇಲಕ್ಕೆ ಬಿಡುತ್ತಾನೆ. ಜಾಸ್ತಿ ಹಾರುವುದಿಲ್ಲ, ಜೋರು ಮಾಡುವುದಿಲ್ಲ. ಅಪ್ಪ "ಮೆತ್ತಗೆ ಹಾಕೋನು" ಅನ್ನುವುದು ಇದಕ್ಕೇ. ಹೀಗೆ ಮೆತ್ತಗೆ ಹಾಕಿ ಕಳೆದ ವರ್ಷ ಆಟಕ್ಕೆ ಸರಾಸರಿ 20.1 ಪಾಯಿಂಟ್ ತಂದ.

ಅವರಿಬ್ಬರ ಮೇಲೆ ಮೂರನೆಯವನು ಬಂದು ಬಿದ್ದರೆ? ಅಷ್ಟು ಹೊತ್ತಿಗೆ ಲಾಯರ್ ಯಾವುದೋ ಮೂಲೆಗೆ ಓಡಿ ಬಂದಿರುತ್ತಾನೆ. ಅವನು ನಿಂತಲ್ಲಿ ನಿಲ್ಲುವವನಲ್ಲ. ಒಬ್ಬರ ಹಿಂದಿನಿಂದ ಇನ್ನೊಬ್ಬರ ಹಿಂದಕ್ಕೆ ಸುತ್ತುತ್ತಲೇ ಇರುತ್ತಾನೆ. ಕೈಗೆ ಚೆಂಡು ಬಂದ ಮರುಕ್ಷಣ ಮೂರು ಪಾಯಿಂಟಿನ ಶಾಟ್. ಈ ಮೂವರು ಸಾವಿರ ಸಲ ಮಾಡಿರುವ ಕೆಲಸ ಇದು. ಕಣ್ಣು ಕೂಡಿಸುವುದೂ ಬೇಡ. ಇದನ್ನು ದುಡ್ಡು ಕೊಟ್ಟು ಒಂದು ಬೇಸಿಗೆಯಲ್ಲಿ ತರಲು ಆಗುವುದಿಲ್ಲ. ಪೋರ್ಟಲ್‌ನಲ್ಲಿ ಒಳ್ಳೆಯ ಆಟಗಾರರು ಸಿಗುತ್ತಾರೆ, ಮೂರು ವರ್ಷದ ಒಡನಾಟ ಸಿಗುವುದಿಲ್ಲ.

ಸ್ಮಿತ್ ಬಗ್ಗೆ ಇನ್ನೊಂದು ಲೆಕ್ಕ. ಇವನ ಪಾಸಿನಿಂದ ಇನ್ನೊಬ್ಬ ಬುಟ್ಟಿಗೆ ಹಾಕಿದರೆ ಅದಕ್ಕೆ ಅಸಿಸ್ಟ್ ಅನ್ನುತ್ತಾರೆ. ಇದನ್ನು ಬರೆಯುವ ಹೊತ್ತಿಗೆ ಇಡೀ ಕಾಲೇಜು ಆಟದ ದಾಖಲೆ ಡ್ಯೂಕ್ ಯೂನಿವರ್ಸಿಟಿಯ ಬಾಬಿ ಹರ್ಲಿ 1993ರಲ್ಲಿ ಮುಗಿಸಿದ 1,076. ಮೂರು ವರ್ಷದಲ್ಲಿ ಸ್ಮಿತ್ 758 ಮಾಡಿದ್ದಾನೆ. ದಾಟಲು ಇನ್ನು 319 ಬೇಕು. ಕಳೆದ ವರ್ಷ ಬಿಗ್ ಟೆನ್‌ನ ಅತ್ಯುತ್ತಮ ಆಟಗಾರನಾದಾಗ ಅವನು ಮಾಡಿದ್ದು 36 ಆಟದಲ್ಲಿ 313. ಅಂದರೆ ಹಾಗೇ ಆಡಿದರೂ ಇನ್ನೊಂದು ಆಟ ಜಾಸ್ತಿ ಬೇಕು. ಆಟ ಜಾಸ್ತಿ ಸಿಗಬೇಕಾದರೆ ಟೀಮು ಮಾರ್ಚ್‌ನಲ್ಲಿ ಗೆಲ್ಲುತ್ತಾ ಹೋಗಬೇಕು. ಸ್ಮಿತ್‌ನ ದಾಖಲೆಯೂ ಟೀಮಿನ ಹಾದಿಯೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿವೆ.

ಹೊಸಬರಲ್ಲಿ ಮುಖ್ಯ ಆಸ್ಕರ್ ಕ್ಲಫ್. ಆಸ್ಟ್ರೇಲಿಯಾದವನು, 6 ಅಡಿ 11 ಇಂಚು. ಅವನ ಕತೆ ಉಳಿದವರ ಕತೆಯಲ್ಲ. ಅರಿಜೋನಾದ ಒಂದು ಜೂನಿಯರ್ ಕಾಲೇಜಿಗೆ ಬಂದ, ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಸೌತ್ ಡಕೋಟಾ ಸ್ಟೇಟ್, ಈಗ ನಮ್ಮಲ್ಲಿ. ಊರೂರು ತಿರುಗಿ ಬಂದವನು. ಆದರೆ ಉಳಿದವರ ಟೀಮಿಗೆ ಬೇಕಾಗಿದ್ದು ಅವನೇ. ಯಾಕೆ ಅಂದರೆ, ಈಡೀ ಹೋದ ಮೇಲೆ ನಮ್ಮ ರಿಂಗಿನ ಕೆಳಗೆ ಕಾಯುವವರೇ ಇರಲಿಲ್ಲ. ಯಾರು ಬೇಕಾದರೂ ಒಳಗೆ ಬಂದು ಹಾಕಿ ಹೋಗುತ್ತಿದ್ದರು. ರಿಂಗಿಗೆ ಬಡಿದು ವಾಪಸ್ ಬರುವ ಚೆಂಡು, ಅಂದರೆ ರೀಬೌಂಡ್, ಕೂಡ ಕೈ ತಪ್ಪುತ್ತಿತ್ತು. ಕ್ಲಫ್ ಕಳೆದ ವರ್ಷ ಆಟಕ್ಕೆ 12ಕ್ಕೂ ಜಾಸ್ತಿ ರೀಬೌಂಡ್ ಹಿಡಿದಿದ್ದಾನೆ. ಅವನು ಬಂದರೆ ಕಾಫ್‌ಮನ್-ರೆನ್ ತನಗಿಂತ ಉದ್ದದವರ ಜೊತೆ ಗುದ್ದಾಡುವುದು ತಪ್ಪುತ್ತದೆ.

ಅವನ ಜೊತೆಗೆ ಡೇನಿಯಲ್ ಜೇಕಬ್ಸನ್. ಈಡೀಯಷ್ಟೇ ಉದ್ದ. ಕಳೆದ ವರ್ಷ ಎರಡನೇ ಆಟದಲ್ಲೇ, ಶುರುವಾಗಿ ಒಂದೆರಡು ನಿಮಿಷಕ್ಕೆ, ಕಾಲಿನ ಮೂಳೆ ಮುರಿಯಿತು. ಇಡೀ ವರ್ಷ ಹೋಯಿತು. ಈ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅಮೆರಿಕದ ಪರ ಆಡಿ ಚಿನ್ನ ತಂದ. ಅದೇ ಟೂರ್ನಿಯಲ್ಲಿ ಇಸ್ರೇಲ್ ಪರ ಆಡಿದ ಓಮರ್ ಮೇಯರ್ ಕೂಡ ಈಗ ನಮ್ಮವನು. ಮೊದಲ ವರ್ಷ. ಆದರೆ ಅವನ ದೇಶದಲ್ಲಿ ದೊಡ್ಡವರ ಜೊತೆ ಆಡಿ ಬಂದಿದ್ದಾನೆ. ಮೇಯರ್ ಬಂದಿದ್ದಕ್ಕೆ ನನಗೆ ಖುಷಿ ಸ್ಮಿತ್‌ಗಾಗಿ. ಕಳೆದ ವರ್ಷ 40 ನಿಮಿಷದ ಆಟದಲ್ಲಿ ಸ್ಮಿತ್ ಸರಾಸರಿ 37 ನಿಮಿಷ ಅಂಗಳದಲ್ಲೇ ಇರುತ್ತಿದ್ದ. ಮಾರ್ಚ್ ಹೊತ್ತಿಗೆ ಅವನ ಕಣ್ಣಲ್ಲಿ ಸುಸ್ತು ಕಾಣುತ್ತಿತ್ತು. ಇನ್ನು ಮೇಲಾದರೂ ಐದಾರು ನಿಮಿಷ ಕೂತು ನೀರು ಕುಡಿಯಲಿ.

ಸಿ.ಜೆ. ಕಾಕ್ಸ್, ಜಿಕಾರಿ ಹ್ಯಾರಿಸ್ ಇಬ್ಬರೂ ಎರಡನೇ ವರ್ಷಕ್ಕೆ ಬಂದಿದ್ದಾರೆ. ಇಬ್ಬರೂ ಬೆವರು ಸುರಿಸಿ ಎದುರಾಳಿಯನ್ನು ಕಾಯುವವರು. ಜ್ಯಾಕ್ ಬೆಂಟರ್ ರೆಡ್‌ಶರ್ಟ್ ಮುಗಿಸಿ ಬೆಂಚಿನಿಂದ ಏಳುತ್ತಿದ್ದಾನೆ. ಅವನ ಮೊದಲ ಬುಟ್ಟಿಗೆ ನಾನು ಕಾಯುತ್ತಿದ್ದೇನೆ.

ಹಾಗಂತ ಎಲ್ಲಾ ಸರಿಯಿದೆ ಅಂತ ಹೇಳಲಾರೆ. ಕ್ಯಾಮ್ಡನ್ ಹೈಡಿ ಟೆಕ್ಸಸ್‌ಗೆ ಹೋದ, ಮೈಲ್ಸ್ ಕಾಲ್ವಿನ್ ವೇಕ್ ಫಾರೆಸ್ಟ್‌ಗೆ. ಇಬ್ಬರೂ ಉದ್ದಗೈಯವರು, ಚೆನ್ನಾಗಿ ಹಾರುವವರು. ಎದುರು ಟೀಮಿನಲ್ಲಿ ಆರೂಮುಕ್ಕಾಲು ಅಡಿಯ, ಜಿಂಕೆ ಹಾಗೆ ಓಡುವ ಆಟಗಾರ ಇದ್ದರೆ ಅವನನ್ನು ಈಗ ಯಾರು ಕಾಯುತ್ತಾರೆ? ಕಾಕ್ಸ್, ಹ್ಯಾರಿಸ್ ಎತ್ತರ ಸಾಲದು. ಕಾಫ್‌ಮನ್-ರೆನ್ ಕಾಲು ಅಷ್ಟು ಚುರುಕಿಲ್ಲ. ಈ ಪ್ರಶ್ನೆಗೆ ಉತ್ತರ ನನಗೆ ಕಾಣುತ್ತಿಲ್ಲ. ಅಕ್ಟೋಬರ್ 24ಕ್ಕೆ ಕೆಂಟಕಿ ಜೊತೆ ಲೆಕ್ಕಕ್ಕಿಲ್ಲದ ಒಂದು ಆಟ ಆಡಿ 78-65ರಲ್ಲಿ ಸೋತರು. ಕೆಂಟಕಿಯವರು ಮೈಮೇಲೆ ಬಿದ್ದು ಆಡಿದರು, ನಮ್ಮವರು ಹಿಂದೆ ಸರಿದರು. ಲೆಕ್ಕಕ್ಕಿಲ್ಲ ಅಂತ ನನ್ನನ್ನೇ ಸಮಾಧಾನ ಮಾಡಿಕೊಂಡೆ, ಆದರೂ ಎರಡು ದಿನ ಬೇಜಾರಿತ್ತು.

ಜೊತೆಗೆ ಹೂಸ್ಟನ್ ಆಟ ಇನ್ನೂ ಕಣ್ಣಲ್ಲೇ ಇದೆ. 2025ರ ಮಾರ್ಚ್ 28, ಕೊನೆಯ 16 ಟೀಮುಗಳ ಸುತ್ತು. ಆಡಿದ್ದು ಇಂಡಿಯಾನಾಪೊಲಿಸ್‌ನಲ್ಲಿ, ಈ ಸಲ ಫೈನಲ್ ಫೋರ್ ನಡೆಯಲಿರುವ ಅದೇ ಸ್ಟೇಡಿಯಂನಲ್ಲಿ. ಹೂಸ್ಟನ್ ಮುಂದಿತ್ತು. ಕೊನೆಯ ನಿಮಿಷದಲ್ಲಿ ಹೈಡಿ ಮೂರು ಪಾಯಿಂಟಿನ ಶಾಟ್ ಹಾಕಿದ, 60-60. ನಾನು ಸೋಫಾ ಮೇಲೆ ನಿಂತಿದ್ದೆ. ಕೊನೆಗೆ ಎರಡು-ಮೂರು ಸೆಕೆಂಡ್ ಉಳಿದಾಗ ಹೂಸ್ಟನ್‌ಗೆ ನಮ್ಮ ರಿಂಗಿನ ಹತ್ತಿರದ ಗೆರೆಯಿಂದ ಚೆಂಡು ಒಳಗೆ ಹಾಕುವ ಅವಕಾಶ ಸಿಕ್ಕಿತು. ಗೆರೆಯಾಚೆ ನಿಂತವನು ಮಿಲೋಸ್ ಉಜಾನ್. ಚೆಂಡನ್ನು ಜೋಸೆಫ್ ಟಗ್ಲರ್‌ಗೆ ಹಾಕಿದ. ನಮ್ಮವರ ಕಣ್ಣೆಲ್ಲಾ ಚೆಂಡಿನ ಹಿಂದೆ ಹೋಯಿತು. ಹಾಕಿದವನು ಸುಮ್ನೆ ಗೆರೆ ದಾಟಿ ಒಳಗೆ ಬಂದ. ಟಗ್ಲರ್ ಅವನಿಗೇ ವಾಪಸ್ ಕೊಟ್ಟ. ರಿಂಗಿನ ಕೆಳಗೆ ಉಜಾನ್ ಒಬ್ಬನೇ. 62-60. ಉಳಿದಿದ್ದು 0.9 ಸೆಕೆಂಡ್.

ಚೆಂಡು ಕೊಟ್ಟವನನ್ನೇ ಮರೆತರು. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅಂಥ ಒಂದು ಅರ್ಧ ಕ್ಷಣಕ್ಕೆ ವರ್ಷವಿಡೀ ಮಾಡಿದ್ದು ಹೋಗಿಬಿಡುತ್ತದೆ. ಆ ಮೂವರೂ ಅವತ್ತು ಅಲ್ಲಿದ್ದರು. ಫೇರ್ಲಿ ಡಿಕಿನ್ಸನ್ ದಿನವೂ ಇದ್ದರು. ಯುಕಾನ್ ದಿನವೂ ಇದ್ದರು. ಇಷ್ಟು ಸೋಲನ್ನು ಒಟ್ಟಿಗೆ ಹೊತ್ತುಕೊಂಡು ಮತ್ತೆ ಅದೇ ಅಂಗಿ ಹಾಕಿಕೊಂಡು ಬಂದಿದ್ದಾರೆ. ಇದು ಅವರ ಕೊನೆಯ ವರ್ಷ. ಏಪ್ರಿಲ್ ಆದ ಮೇಲೆ ಉಳಿಯುವ ಪ್ರಶ್ನೆಯೇ ಇಲ್ಲ.

ನನ್ನ ಅಂದಾಜು ಕೇಳಿದರೆ, ಫೈನಲ್ ಫೋರ್‌ಗೆ ಬರುತ್ತಾರೆ. ಬಿಗ್ ಟೆನ್ ಕೂಡ ಗೆಲ್ಲುತ್ತಾರೆ. ನವೆಂಬರ್‌ನಲ್ಲಿ ಅಲಬಾಮಾಗೆ ಹೋಗಿ ಆಡುವುದಿದೆ, ಡಿಸೆಂಬರ್‌ನಲ್ಲಿ ಅಯೋವಾ ಸ್ಟೇಟ್ ಮ್ಯಾಕಿಗೆ ಬರುತ್ತದೆ. ಅವೆರಡರಲ್ಲಿ ಕ್ಲಫ್ ಎಷ್ಟು ಒಗ್ಗಿದ್ದಾನೆ, ಆ ಉದ್ದದ ಓಟಗಾರರನ್ನು ಯಾರು ಹಿಡಿಯುತ್ತಾರೆ ಅಂತ ಗೊತ್ತಾಗುತ್ತದೆ. ಒಂದೆರಡು ಸೋತರೂ ಗಾಬರಿ ಬೇಡ. ಕಪ್ ವಿಷಯ ಮಾತ್ರ ನಾನು ಬಾಯಿ ಬಿಡುವುದಿಲ್ಲ. ಅಪ್ಪನೂ ಬಿಡಬೇಡ ಅಂದಿದ್ದಾರೆ.

ನಿನ್ನೆ ರಾಜ್ಯೋತ್ಸವ. ಅಪ್ಪ ಬೆಳಿಗ್ಗೆ ಬಾವುಟ ಹಾರಿಸುವ ಕಡೆ ಹೋಗಿ ಬಂದು, ತಿಂಡಿ ತಿನ್ನುತ್ತಾ ಮೊದಲ ಆಟ ಯಾವತ್ತು ಅಂತ ಕೇಳಿದರು. ಅಲ್ಲಿ 4ನೇ ತಾರೀಕು ರಾತ್ರಿ, ಇವಾನ್ಸ್‌ವಿಲ್ ಮೇಲೆ, ಮ್ಯಾಕಿಯಲ್ಲೇ ಅಂದೆ. ನಮಗೆ 5ರ ಬೆಳಗಿನ ಜಾವ. ಅಲ್ಲಿ ಗಡಿಯಾರ ಈಗ ಒಂದು ಗಂಟೆ ಹಿಂದೆ ಹೋಗುತ್ತದೆ, ಅಲ್ಲಿನ ಸಂಜೆ 7 ನಮಗೆ ಬೆಳಿಗ್ಗೆ 5:30 ಆಗುತ್ತದೆ ಅಂತಲೂ ಹೇಳಿದೆ.

"ಹಾಗಾದ್ರೆ ಹಾಲಿನವನು ಬರೋ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತೆ," ಅಂದರು ಅಪ್ಪ. "ರಾತ್ರಿಯೇ ಒಂದು ಪ್ಯಾಕೆಟ್ ಜಾಸ್ತಿ ತಂದಿಡು."